ತಲೆಯ ಮೇಲಿನ ಕೊಡ

ಬಳ್ಳಾರಿಯ ನನ್ನ ಬಾಡಿಗೆ ಕೋಣೆಯಲ್ಲಿ ಒಂದು ರಾತ್ರಿ 'ಜಿ ಕ್ರೊಕೆಟ್ಸ್' ಎಂಬ ಸಾಕ್ಷ್ಯಚಿತ್ರ ನೋಡಿದೆ. ಟಟಿಯಾನಾ ಇಸ್ಸಾ ಮತ್ತು ರಾಫೆಲ್ ಅಲ್ವಾರೆಜ್ 2009ರಲ್ಲಿ ಮಾಡಿದ ಚಿತ್ರ. 1964ರಿಂದ 1985ರವರೆಗೆ ಬ್ರೆಜಿಲ್‌ನಲ್ಲಿ ಸೇನೆಯ ಆಳ್ವಿಕೆ. 1968ರ ಡಿಸೆಂಬರಿನಲ್ಲಿ ಸಂಸತ್ತಿಗೂ ಬೀಗ ಬಿದ್ದಿತ್ತು, ಸೆನ್ಸಾರ್ ಬಿಗಿಯಾಗಿತ್ತು. ಅಂಥ ಹೊತ್ತಿನಲ್ಲಿ, 1972ರಲ್ಲಿ, ರಿಯೋದಲ್ಲಿ ಹುಟ್ಟಿದ ಈ ತಂಡದ ಗಂಡಸರು ಎದೆಗೂದಲು ಮುಚ್ಚದೆ, ಮೈಗೆ ಮಿನುಗು ಬಳಿದು, ಹೈಹೀಲ್ಡ್ ತೊಟ್ಟು ಕುಣಿದರು. ಹೆಣ್ಣುವೇಷ ಅನ್ನೋಣವೆಂದರೆ ಗಡ್ಡ ಕಾಣುತ್ತಿತ್ತು. ಸೆನ್ಸಾರಿನವರು ಹುಡುಕುತ್ತಿದ್ದದ್ದು ಮಾತನ್ನು. ಇಲ್ಲಿ ಅಪಾಯ ಇದ್ದದ್ದು ಮೈಯಲ್ಲಿ. ಕೊನೆಗೆ ತಂಡ ದೇಶ ಬಿಟ್ಟು ಪ್ಯಾರಿಸ್ ಸೇರಿತು. ಇಸ್ಸಾ ಅವರ ತಂದೆ ಆ ತಂಡದ ರಂಗತಂತ್ರಜ್ಞ. ಎಳವೆಯಲ್ಲಿ ಕಂಡವರನ್ನು ಮಗಳು ದೊಡ್ಡವಳಾಗಿ ಹುಡುಕಿಕೊಂಡು ಹೊರಟಾಗ ಹಲವರು ಬದುಕಿರಲಿಲ್ಲ.

ನನಗೆ ಕುರುಗೋಡು ನೆನಪಾಯಿತು. ಅದರ ಹತ್ತಿರದ ಕಲ್ಲುಕಂಬ ಮಂಜಮ್ಮ ಜೋಗತಿಯವರ ಹುಟ್ಟೂರು. ಗಂಡಾಗಿ ಹುಟ್ಟಿ, ಮುತ್ತು ಕಟ್ಟಿಸಿಕೊಂಡು, ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿದವರು. ದಾವಣಗೆರೆಯ ಬಸ್ ನಿಲ್ದಾಣದ ಬಳಿ ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅಲ್ಲಿಂದ ಅವರ ಕಲಿಕೆ ಶುರುವಾಯಿತು. ಮುಂದೆ ಕಾಳವ್ವ ಜೋಗತಿಯ ತಂಡ ಸೇರಿದರು, ಕಾಳವ್ವ ತೀರಿಕೊಂಡ ಮೇಲೆ ಅದನ್ನು ಮುನ್ನಡೆಸಿದರು. ಚೌಡಿಕೆಯ ನಾದಕ್ಕೆ ಸೊಂಟ ಬಳುಕಿದರೂ ಎಲ್ಲಮ್ಮನ ಕೊಡ ಅಲ್ಲಾಡಬಾರದು. ಅರಳು ಹುರಿದಂತೆ ಹೆಜ್ಜೆ ಹಾಕುತ್ತಲೇ ಕತ್ತು ಕಂಬದ ಹಾಗೆ ನಿಲ್ಲಬೇಕು. ನೋಡುವವರಿಗೆ ಇದು ಸುಲಭ ಅನ್ನಿಸುತ್ತದೆ, ಅದೇ ಕಷ್ಟ.

ಇಲ್ಲಿ ಸರ್ವಾಧಿಕಾರವಿರಲಿಲ್ಲವಲ್ಲ, ಹೋಲಿಕೆ ಎಲ್ಲಿಯದು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. 2010ರಲ್ಲಿ ಕರ್ನಾಟಕ ಸರ್ಕಾರ ಮಂಜಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿತು. 2011ರಲ್ಲಿ ಅದೇ ರಾಜ್ಯದ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿತು. ಹುಡುಗರನ್ನು ಅಪಹರಿಸುವವರು ಎಂಬ ಶಂಕೆಯ ಮೇಲೆ ಹಿಜಡಾಗಳ ಹೆಸರು, ವಿಳಾಸ ಬರೆದಿಡಲು, ಅವರ ಚಲನವಲನಕ್ಕೆ ಕಡಿವಾಣ ಹಾಕಲು ಅದು ಅವಕಾಶ ಕೊಟ್ಟಿತು. 1871ರ ಬ್ರಿಟಿಷರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಇದ್ದ ಶಂಕೆಯೇ ಇದು, ಭಾಷೆಯೂ ಹೆಚ್ಚು ಬೇರೆಯಲ್ಲ. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ, 2016ರಲ್ಲಿ, ಕಲಮಿನಿಂದ ಆ ಪದವನ್ನು ತೆಗೆಯಲಾಯಿತು. 2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆ, 2021ರಲ್ಲಿ ಪದ್ಮಶ್ರೀ. ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಟಿವಿಯಲ್ಲಿ ನೋಡಿ ಎಲ್ಲರೂ ಮೆಚ್ಚಿದರು. ಕಲೆಯನ್ನು ವೇದಿಕೆಗೆ ಕರೆದ ಸರ್ಕಾರವೇ ಕಲಾವಿದೆಯಂಥವರನ್ನು ರಿಜಿಸ್ಟರಿನಲ್ಲಿ ಬರೆಯಲು ಹೊರಟಿತ್ತು ಎಂಬುದು ಆ ಸಂಭ್ರಮದಲ್ಲಿ ಯಾರಿಗೂ ನೆನಪಾಗಲಿಲ್ಲ.

ನನ್ನ ಪ್ರಬಂಧದ ಅಧ್ಯಾಯಕ್ಕೆ 'ಪ್ರತಿರೋಧದ ಕುಣಿತ' ಎಂದು ಹೆಸರಿಟ್ಟಿದ್ದೆ. ಕುರುಗೋಡಿನಲ್ಲಿ ಹಿರಿಯ ಜೋಗತಿಯೊಬ್ಬರ ಎದುರು ಅದನ್ನು ಹೇಳಿದಾಗ ನಕ್ಕುಬಿಟ್ಟರು. "ನಾವು ಯಾರ್ ಮ್ಯಾಲೂ ಸಿಟ್ಟಿಟ್ಕೊಂಡು ಕುಣಿಯಾಂಗಿಲ್ಲ ಯವ್ವಾ. ಇದು ಆಕಿ ಸೇವಾ." ರಿಯೋದ ಗಂಡಸರಿಗೆ ದೇವಿಯಿರಲಿಲ್ಲ, ರಂಗಭೂಮಿಯಿತ್ತು. ಇವರಿಗೆ ದೇವಿಯೇ ಪರವಾನಗಿ, ಕೆಲವೊಮ್ಮೆ ಅದೇ ಬೇಲಿ. ಜೋಗತಿಯಾಗದೆ ಸುಮ್ಮನೆ ಹೆಣ್ಣಾಗಿ ಬಾಳುತ್ತೇನೆಂದರೆ ಊರು ಒಪ್ಪುತ್ತಿತ್ತೇ?

ಸಿರುಗುಪ್ಪದಲ್ಲಿ ನಮ್ಮಜ್ಜಿ ಮಂಗಳವಾರ ಬರುತ್ತಿದ್ದ ಜೋಗತಿಗೆ ಮರದ ತುಂಬ ಭತ್ತ ನೀಡಿ ಕಾಲಿಗೆ ಬೀಳುತ್ತಿದ್ದಳು. ನೀರು ಕೇಳಿದರೆ ಮಾತ್ರ ಚೊಂಬು ಬೇರೆ. ಆ ಚೊಂಬು ದನದ ಕೊಟ್ಟಿಗೆಯ ಗೂಡಿನಲ್ಲಿರುತ್ತಿತ್ತು, ತಂದುಕೊಡುತ್ತಿದ್ದವಳು ನಾನೇ.