ಕುಲುಮೆ ಆರಿತು, ಹೆಸರು ಉಳಿಯಿತು

ಬೈರಸಂದ್ರ, ತಾವರೆಕೆರೆ, ಮಡಿವಾಳ – ಈ ಮೂರು ಊರುಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿದರೆ ಬಿಟಿಎಂ. ಬೆಂಗಳೂರಿನ ದಕ್ಷಿಣಕ್ಕಿರುವ ಈ ಬಡಾವಣೆಯಲ್ಲಿ ಒಂದು ಸುತ್ತು ಹಾಕಿದರೆ ಎಷ್ಟು ಬಗೆಯ ಅಲಗುಗಳು ಕಣ್ಣಿಗೆ ಬೀಳುತ್ತವೆ! ಎಳನೀರು ಮಾರುವವನ ಕೈಯ ಮಚ್ಚು, ಮೀನಿನಂಗಡಿಯ ಅಗಲ ಕತ್ತಿ, ಹೂ ಮಾರುವಾಕೆಯ ಪುಟ್ಟ ಚಾಕು, ಹಳೆಯ ಮನೆಗಳ ಅಡುಗೆಕೋಣೆಯ ಮೂಲೆಯಲ್ಲಿ ಇನ್ನೂ ಉಳಿದಿರುವ ಈಳಿಗೆ ಮಣೆ. ಅಂಗಡಿಯಿಂದ ತಂದ ಚಾಕುವಿನ ಮೇಲೆ ಕಂಪೆನಿಯ ಹೆಸರಿರುತ್ತದೆ. ಆದರೆ ಎಳನೀರಿನವನ ಮಚ್ಚಿನ ಮೇಲೆ ಯಾರ ಹೆಸರೂ ಇರುವುದಿಲ್ಲ.

ಹಿಂದೆ ಹೆಸರಿನ ಅಗತ್ಯವೇ ಇರಲಿಲ್ಲ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಮ್ಮಾರನು ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬ. ಊರಿನವರ ಕುಳ, ಕುಡುಗೋಲು, ಕೊಡಲಿಗಳನ್ನು ಮಾಡಿಕೊಡುವುದು, ಮೊಂಡಾದರೆ ತಟ್ಟಿ ಕೊಡುವುದು ಅವನ ಕೆಲಸ. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಅವನಿಗೆ ಧಾನ್ಯದ ಪಾಲು. ಯಾರು ಎಡಗೈ ಬಳಸುವವರು, ಯಾರಿಗೆ ಹಿಡಿ ದಪ್ಪವಿರಬೇಕು ಎಂಬುದೆಲ್ಲ ಅವನಿಗೆ ಗೊತ್ತು. ಒಂದು ವಸ್ತು ಸರಿಯಾಗಿ ಒಪ್ಪಿದರೆ ‘ಹೇಳಿ ಮಾಡಿಸಿದಂತಿದೆ’ ಎಂದು ನಾವು ಇಂದಿಗೂ ಅನ್ನುತ್ತೇವೆ. ವಸ್ತುಗಳನ್ನು ನಿಜವಾಗಿಯೂ ಹೇಳಿಯೇ ಮಾಡಿಸುತ್ತಿದ್ದ ಕಾಲ ಆ ಮಾತಿನೊಳಗೆ ಅಡಗಿದೆ.

ಹೇಳಿ ಮಾಡಿಸಿದ ಕತ್ತಿಗೆ ಇಂದು ದೊಡ್ಡ ಮಾರುಕಟ್ಟೆ ಇರುವುದು ಅಮೆರಿಕದಲ್ಲಿ. ಅಲ್ಲಿ ಕತ್ತಿ ಕಟ್ಟುವವರದೇ ಪ್ರದರ್ಶನಗಳು ನಡೆಯುತ್ತವೆ. ಅಟ್ಲಾಂಟಾ ನಗರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನಕ್ಕೆ ದೇಶವಿದೇಶಗಳಿಂದ ನೂರಾರು ಮಂದಿ ಕಸುಬುದಾರರು ಬರುತ್ತಾರೆ. ಒಂಟಿಯಾಗಿ ಮಳಿಗೆಯ ಬಾಡಿಗೆ ಕಟ್ಟುವುದು ಭಾರವೆನಿಸಿದರೆ ಇಬ್ಬರು ಮೂವರು ಒಂದೇ ಮೇಜನ್ನು ಹಂಚಿಕೊಳ್ಳುವುದು ಇಂಥ ಕಡೆ ವಾಡಿಕೆ. ಒಬ್ಬನು ಗಿರಾಕಿಗೆ ಕತ್ತಿ ತೋರಿಸುತ್ತಿದ್ದರೆ ಪಕ್ಕದವನು ಹದ ಕೊಡುವ ಬಗೆ ಕೇಳಿ ತಿಳಿದುಕೊಳ್ಳಬಹುದು. ಅಲ್ಲಿನ ಅಲಗುಗಳ ಪೈಕಿ ನೀರಿನ ಅಲೆಯಂಥ ಚಿತ್ತಾರವಿರುವ ಕೆಲವನ್ನು ‘ವೂಟ್ಜ್’ ಎಂಬ ಹೆಸರಿನಿಂದ ಮಾರುತ್ತಾರೆ. ಇದು ನಮ್ಮ ‘ಉಕ್ಕು’ ಶಬ್ದವೇ ಇಂಗ್ಲಿಷಿನವರ ಕಿವಿಯಲ್ಲಿ, ಬರಹದಲ್ಲಿ ಮಾರ್ಪಟ್ಟ ರೂಪ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ತೆಲುಗಿನಲ್ಲೂ ಇದೇ ಶಬ್ದವಿದೆ.

ಲಂಡನ್ನಿಗೆ ಹೋದ ಉಕ್ಕು

1794ರಲ್ಲಿ ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಈ ಉಕ್ಕಿನ ತುಂಡುಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಪ್ರಬಂಧ ಮಂಡಿಸಿದ. ಅಲ್ಲಿಂದ ‘ವೂಟ್ಜ್’ ಎಂಬ ಹೆಸರು ವಿಜ್ಞಾನದ ಪುಸ್ತಕಗಳನ್ನು ಸೇರಿತು.

ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ ಮತ್ತು ಕ್ಷೌರದ ಕತ್ತಿಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್‌ಗೆ ಈ ಉಕ್ಕು ಮನಸೂರೆಗೊಂಡಿತು. ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಭಾರತದ ಈ ಉಕ್ಕೇ ಮೇಲು ಎಂದು ಆತ ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ. ಬಳಿಕ ಮೈಕೆಲ್ ಫ್ಯಾರಡೆಯೊಂದಿಗೆ ಕೂಡಿ ಉಕ್ಕಿನ ಮೇಲೆ ಪ್ರಯೋಗ ನಡೆಸಿದ. ವಿದ್ಯುತ್ತಿನ ಸಂಶೋಧನೆಗಳಿಂದ ಜಗತ್ಪ್ರಸಿದ್ಧನಾದ ಫ್ಯಾರಡೆ ಸ್ವತಃ ಕಮ್ಮಾರನ ಮಗ. ಇವರಿಬ್ಬರೂ 1820 ಮತ್ತು 1822ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ಬೇರೆ ಬೇರೆ ಲೋಹಗಳನ್ನು ಬೆರೆಸಿ ಉಕ್ಕು ಮಾಡುವ ಶಾಸ್ತ್ರಕ್ಕೆ ಈ ಪ್ರಯೋಗಗಳು ಒಂದು ಆರಂಭ. ಆದರೆ ನಮ್ಮ ಉಕ್ಕಿನ ಮರ್ಮ ಮಾತ್ರ ಅವರಿಗೆ ಪೂರ್ತಿ ದಕ್ಕಲಿಲ್ಲ.

ಚನ್ನರಾಯನದುರ್ಗದ ಮೂಸೆ

ಉಕ್ಕು ಮಾಡುತ್ತಿದ್ದವರು ಗುಟ್ಟನ್ನು ಯಾರಿಗೂ ಹೇಳದೆ ಸತ್ತರು, ಅದರಿಂದಲೇ ವಿದ್ಯೆ ನಾಶವಾಯಿತು ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಇದು ನಿಜವಲ್ಲ. ಟಿಪ್ಪು ಸುಲ್ತಾನನ ಪತನದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯನ್ನು ಸುತ್ತಿದ. ಮಾಗಡಿ, ಮಧುಗಿರಿ, ಚನ್ನರಾಯನದುರ್ಗಗಳ ಸುತ್ತ ಕಬ್ಬಿಣ ಮತ್ತು ಉಕ್ಕು ತಯಾರಿಸುವುದನ್ನು ಕಂಡು ವಿವರವಾಗಿ ಬರೆದುಕೊಂಡ. ಅವನ ಪ್ರವಾಸಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಕುಲುಮೆಯ ಚಿತ್ರವೂ ಅದರಲ್ಲಿದೆ.

ಮಳೆಯ ನೀರು ಬೆಟ್ಟದಿಂದ ತಂದು ಹಾಕಿದ ಕಪ್ಪು ಮರಳನ್ನು ಜನ ಗೋರಿ ತರುತ್ತಿದ್ದರು. ಅದನ್ನು ಇದ್ದಿಲಿನೊಡನೆ ಕಾಯಿಸಿದರೆ ಕಬ್ಬಿಣ. ಆ ಕಬ್ಬಿಣದ ತುಂಡನ್ನು ಜೇಡಿಮಣ್ಣಿನ ಮೂಸೆಗೆ ಹಾಕಿ, ಜತೆಗೆ ತಂಗಡಿ ಗಿಡದ ಕಡ್ಡಿ ಹಾಗೂ ಒಂದೆರಡು ಹಸಿರೆಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಇಂಥ ಮೂಸೆಗಳನ್ನು ಕುಲುಮೆಯಲ್ಲಿ ಕಮಾನಿನಂತೆ ಜೋಡಿಸಿ, ಇದ್ದಿಲು ತುಂಬಿ, ತಿದಿ ಒತ್ತುತ್ತಿದ್ದರು. ಕಡ್ಡಿ ಎಲೆಗಳಲ್ಲಿನ ಇಂಗಾಲ ಕಬ್ಬಿಣದೊಳಗೆ ಸೇರಿ ಅದು ಕರಗುತ್ತಿತ್ತು. ತಣಿದ ಮೇಲೆ ಮೂಸೆ ಒಡೆದರೆ ಒಳಗೆ ಉಕ್ಕಿನ ಗಟ್ಟಿ. ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯದ ತಂತಿಗಳಿಗೆ ಇದು ಬಳಕೆಯಾಗುತ್ತಿತ್ತು. ಚನ್ನಪಟ್ಟಣದಲ್ಲಿ ತಯಾರಾಗುತ್ತಿದ್ದ ಉಕ್ಕಿನ ತಂತಿಗೆ ಆ ದಿನಗಳಲ್ಲಿ ದೂರದವರೆಗೂ ಹೆಸರಿತ್ತು.

ಇದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಮರಳು ತರುವವರು, ಇದ್ದಿಲು ಸುಡುವವರು, ತಿದಿ ಒತ್ತುವವರು, ಮೂಸೆ ನೋಡಿಕೊಳ್ಳುವವರು – ಎಲ್ಲರೂ ಕೂಡಿದರೆ ಒಂದು ಕುಲುಮೆ. ಉಕ್ಕಿನ ಗಟ್ಟಿ ಕಮ್ಮಾರನ ಅಡಿಗಲ್ಲಿಗೆ ಬಂದ ಮೇಲೂ ಕಷ್ಟ ತಪ್ಪಿದ್ದಲ್ಲ. ಇದರಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ಇಂಗಾಲವಿರುತ್ತದೆ. ‘ಕಬ್ಬಿಣ ಕಾದಾಗ ಬಡಿ’ ಎಂಬ ಗಾದೆಯನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಬಿಳಿಯಾಗುವಷ್ಟು ಕಾಯಿಸಿ ಬಡಿದರೆ ಉಕ್ಕು ಪುಡಿಯಾಗುತ್ತದೆ. ಕೆಂಪು ಕಾವಿನಲ್ಲೇ ಮತ್ತೆ ಮತ್ತೆ ತಾಳ್ಮೆಯಿಂದ ತಟ್ಟಬೇಕು. ಯುರೋಪಿನ ಅನೇಕ ಕಮ್ಮಾರರು ಸೋತದ್ದು ಈ ಹಂತದಲ್ಲೇ.

ಹಾಗಾದರೆ ಬರೆದಿಟ್ಟ ವಿಧಾನವಿದ್ದೂ ಕುಲುಮೆ ಆರಿದ್ದೇಕೆ? ಸುಲ್ತಾನರ, ಪಾಳೆಯಗಾರರ ಆಯುಧಶಾಲೆಗಳ ಬೇಡಿಕೆ ನಿಂತಿತು. ಇಂಗ್ಲೆಂಡಿನ ಕಾರ್ಖಾನೆಗಳ ಅಗ್ಗದ ಕಬ್ಬಿಣ, ಉಕ್ಕು ಬಂದರುಗಳಲ್ಲಿ ಇಳಿಯಿತು. ಅರಣ್ಯ ಕಾನೂನುಗಳು ಬಂದು ಇದ್ದಿಲಿಗೆ ಕಟ್ಟಿಗೆ ಸಿಗುವುದು ದುಸ್ತರವಾಯಿತು. 1878ರ ಶಸ್ತ್ರಾಸ್ತ್ರ ಕಾಯಿದೆ ಕತ್ತಿ ಹಿಡಿಯುವುದಕ್ಕೇ ಪರವಾನಗಿ ಕೇಳಿತು. ವಿದ್ಯೆ ಮರೆತದ್ದರಿಂದ ಕಸುಬು ಸಾಯಲಿಲ್ಲ. ಕಸುಬು ಸತ್ತದ್ದರಿಂದ ವಿದ್ಯೆ ಮರೆತುಹೋಯಿತು.

ಲಾಳ ಕಟ್ಟುವವನು ಕಂಡುಕೊಂಡದ್ದು

ಮುಂದಿನ ಕಥೆ ಅಮೆರಿಕದ ಕತ್ತಿ ಪ್ರದರ್ಶನಗಳಿಗೆ ಸೇರಿದ್ದು. 1973ರಲ್ಲಿ ಕಾನ್ಸಾಸ್ ಸಿಟಿಯ ಪ್ರದರ್ಶನದಲ್ಲಿ ಬಿಲ್ ಮೊರಾನ್ ಎಂಬ ಕಮ್ಮಾರ ‘ಡಮಾಸ್ಕಸ್’ ಕತ್ತಿಗಳನ್ನು ಇಟ್ಟ. ಇದು ಮೂಸೆಯ ಉಕ್ಕಲ್ಲ. ಎರಡು ಬಗೆಯ ಲೋಹದ ಪದರಗಳನ್ನು ಒಂದರ ಮೇಲೊಂದು ಬೆಸೆದು ಚಿತ್ತಾರ ತರಿಸಿದ್ದು. ಗಮನಿಸಬೇಕಾದ ಸಂಗತಿಯೆಂದರೆ, ಮಾಡುವ ವಿಧಾನವನ್ನು ಚಿಕ್ಕ ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಆತ ಅಲ್ಲಿದ್ದ ಇತರ ಕಸುಬುದಾರರಿಗೆ ಪುಕ್ಕಟೆ ಹಂಚಿದ. ಮೂರು ವರ್ಷದ ಬಳಿಕ, 1976ರಲ್ಲಿ, ಅವನ ನೇತೃತ್ವದಲ್ಲಿ ಅಮೆರಿಕದ ಕತ್ತಿ ಕಮ್ಮಾರರ ಸಂಘವೇ ಹುಟ್ಟಿತು.

ಫ್ಲಾರಿಡಾದ ಆಲ್ಫ್ರೆಡ್ ಪೆಂಡ್ರೆ ಕುದುರೆಗಳಿಗೆ ಲಾಳ ಕಟ್ಟಿ ಜೀವಿಸುತ್ತಿದ್ದವನು. ಅವನಿಗೆ ನಿಜವಾದ ಮೂಸೆಯ ಉಕ್ಕನ್ನೇ ಮಾಡಬೇಕೆಂಬ ಹಟ. ಐಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ವರ್ಹೋವೆನ್ ಅವನ ಜತೆಗೂಡಿದ. ಒಬ್ಬ ಬಡಿಯುವವ, ಒಬ್ಬ ಸೂಕ್ಷ್ಮದರ್ಶಕದಲ್ಲಿ ನೋಡುವವ. ಅವರು ಸಹಲೇಖಕರೊಂದಿಗೆ 1998ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಅಚ್ಚರಿಯದು. ಅಲಗಿನ ಚಿತ್ತಾರಕ್ಕೆ ಕಾರಣ ಅದುರಿನಲ್ಲೇ ಇದ್ದ ವನೇಡಿಯಂನಂಥ ಧಾತುಗಳ ಅತ್ಯಲ್ಪ ಅಂಶ. ಅದಿದ್ದರೆ ಮತ್ತೆ ಮತ್ತೆ ಕಾಯಿಸಿ ಬಡಿಯುವಾಗ ಗಟ್ಟಿಯಾದ ಕಣಗಳು ಸಾಲುಗಟ್ಟುತ್ತವೆ. ಇಲ್ಲದಿದ್ದರೆ ಎಷ್ಟು ಬಡಿದರೂ ಚಿತ್ತಾರ ಮೂಡುವುದಿಲ್ಲ. ಅಂಥ ಅದುರು ಸಿಗುವುದು ನಿಂತಾಗ ಹಳೆಯ ವಿಧಾನದಿಂದಲೇ ಮಾಡಿದ ಉಕ್ಕೂ ಕೈಕೊಟ್ಟಿರಬೇಕು ಎಂಬುದು ಅವರ ಊಹೆ.

ಅಂದರೆ ಕೊನೆಯ ಗುಟ್ಟು ಮಾಡುವವನಿಗೂ ತಿಳಿದಿರಲಿಲ್ಲ. ಅದು ಮರಳಿನಲ್ಲಿತ್ತು.

ಬೆಂಗಳೂರಿನ ವಿದ್ವಾಂಸರೂ ಈ ಚರಿತ್ರೆಯನ್ನು ಕೈಗೆತ್ತಿಕೊಂಡಿದ್ದಾರೆ. ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಅವರು ಭಾರತದ ಈ ಉಕ್ಕಿನ ಮೇಲೆ ಬರೆದ ಪುಸ್ತಕ 2004ರಲ್ಲಿ ಹೊರಬಂದಿತು.

ಹೇಳಿ ಮಾಡಿಸಿದ ಕತ್ತಿಯ ಸಂಪ್ರದಾಯ ನಮ್ಮ ನಾಡಿನಲ್ಲಿ ಇಂದಿಗೂ ಗೌರವದಿಂದ ಬದುಕಿರುವುದು ಕೊಡಗಿನಲ್ಲಿ. ಸೊಂಟದ ಚೇಲೆಗೆ ಸಿಕ್ಕಿಸುವ ಪೀಚೆಕತ್ತಿ, ಮದುವೆಯಲ್ಲಿ ಬಾಳೆಯ ದಿಂಡು ಕಡಿಯುವ ಬಾಗಿದ ಒಡಿಕತ್ತಿ ಇಲ್ಲದೆ ಅಲ್ಲಿನ ವೇಷ ಪೂರ್ಣವಾಗದು. ಕಮ್ಮಾರಿಕೆ, ಬಡಗಿತನ ಅಲ್ಲಿ ಐರಿ ಸಮುದಾಯದ ಕುಲಕಸುಬು. ಒಂಬತ್ತು ಅಂಗುಲಕ್ಕಿಂತ ಉದ್ದದ ಅಲಗು ಮನೆಗೆಲಸ, ಬೇಸಾಯ ಮುಂತಾದವಕ್ಕಲ್ಲದಿದ್ದರೆ ಕಾನೂನಿನ ಕಣ್ಣಿನಲ್ಲಿ ಆಯುಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಧರಿಸುವವರ ಹಕ್ಕಿಗೆ ಹೀಗೆ ರಕ್ಷಣೆಯಿದೆ. ಮಾಡುವವರ ಕಸುಬಿಗೆ ಅಂಥದೊಂದು ಇಲ್ಲ.

ಸ್ಟೋಡಾರ್ಟ್‌ನ ಹೆಸರು ಉಳಿದಿದೆ, ಪೆಂಡ್ರೆಯ ಹೆಸರು ಉಳಿದಿದೆ. ಚನ್ನರಾಯನದುರ್ಗದಲ್ಲಿ ಮೂಸೆಗೆ ಮಣ್ಣು ಮೆತ್ತಿದವರ ಹೆಸರು ಜಗತ್ತಿಗೆ ಗೊತ್ತಿಲ್ಲ. ಅವರು ನುಡಿದ ಎರಡಕ್ಷರದ ಒಂದು ಶಬ್ದ ಮಾತ್ರ ಕಡಲು ದಾಟಿ, ತಿರುಚಿಕೊಂಡ ರೂಪದಲ್ಲಿ, ಪರದೇಶದ ಮೇಜುಗಳ ಮೇಲೆ ಕುಳಿತಿದೆ. ಬಿಟಿಎಂ ಲೇಔಟ್‌ನ ಎಳನೀರಿನವನ ಮಚ್ಚನ್ನು ಯಾರು ಮಾಡಿದರೆಂದು ಮುಂದಿನ ಸಲ ಒಮ್ಮೆ ಕೇಳಿ ನೋಡಬಹುದು. ಉತ್ತರ ಹೇಳಬಲ್ಲವರು ಇನ್ನೂ ಇದ್ದಾರೆ.