ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನಲ್ಲಿ ಟೆಂಟ್ ವಾಸ

ಅಮೆರಿಕ ಎಂದರೆ ಯೊಸೆಮಿಟಿಯಂಥ ರಾಷ್ಟ್ರೀಯ ಉದ್ಯಾನಗಳೇ ಮೊದಲು ನೆನಪಾಗುತ್ತವೆ. ಆದರೆ ಮಕ್ಕಳೊಂದಿಗೆ ಒಂದೆರಡು ರಾತ್ರಿ ಕಾಡಿನಲ್ಲಿ ಕಳೆಯಬೇಕೆನ್ನುವವರಿಗೆ ರಾಜ್ಯ ಸರ್ಕಾರಗಳೇ ನಡೆಸುವ ಸ್ಟೇಟ್ ಪಾರ್ಕ್‌ಗಳು ಹೆಚ್ಚು ಅನುಕೂಲ. ಸಿಲಿಕಾನ್ ವ್ಯಾಲಿಯ ಕನ್ನಡಿಗರಿಗಂತೂ ಸಾಂತಾಕ್ರೂಜ್ ಬೆಟ್ಟಸಾಲಿನ ಪೋರ್ಟೋಲಾ, ಬ್ಯುಟಾನೊ ಪಾರ್ಕ್‌ಗಳು ವಾರಾಂತ್ಯದಲ್ಲಿ ಹೋಗಿಬರುವಷ್ಟು ಹತ್ತಿರ.

ಹಿನ್ನೆಲೆ

ಇದೇ ಬೆಟ್ಟಸಾಲಿನ ಬಿಗ್ ಬೇಸಿನ್, ಕ್ಯಾಲಿಫೋರ್ನಿಯಾದ ಅತ್ಯಂತ ಹಳೆಯ ಸ್ಟೇಟ್ ಪಾರ್ಕ್. ಮರದ ವ್ಯಾಪಾರಿಗಳ ಗರಗಸದಿಂದ ರೆಡ್‌ವುಡ್ ಮರಗಳನ್ನು ಉಳಿಸಲು ನಾಗರಿಕರು ಹೋರಾಡಿದ್ದರ ಫಲವಾಗಿ 1902ರಲ್ಲಿ ಸ್ಥಾಪನೆಯಾಯಿತು. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಕಾಳ್ಗಿಚ್ಚು ಅದನ್ನು ಬಹುಪಾಲು ಸುಟ್ಟಿತು. ಆದರೂ ದಪ್ಪ ತೊಗಟೆಯ ರೆಡ್‌ವುಡ್‌ಗಳು ಕರಿಕಾದ ಕಾಂಡದಿಂದಲೇ ಚಿಗುರಿದವು. 2022ರಲ್ಲಿ ಹಗಲಿನ ಭೇಟಿಗೆ ಪಾರ್ಕ್ ಮತ್ತೆ ತೆರೆಯಿತು.

ಜಾಗ, ಸೌದೆ, ಸದ್ದು

ಪೋರ್ಟೋಲಾ, ಬ್ಯುಟಾನೊದಂಥ ಪಾರ್ಕ್‌ಗಳಲ್ಲಿ ಟೆಂಟ್ ಹಾಕುವ ಜಾಗವನ್ನು ಆರು ತಿಂಗಳು ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಬಹುದು. ಬೇಸಿಗೆಯ ಶನಿವಾರಗಳು ಬೇಗ ತುಂಬಿಹೋಗುತ್ತವೆ. ಒಂದು ಜಾಗಕ್ಕೆ ಸಾಮಾನ್ಯವಾಗಿ ಎಂಟು ಮಂದಿಯ ಮಿತಿ. ಊಟದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಆಹಾರ ಇಡುವ ಪೆಟ್ಟಿಗೆ ಅಲ್ಲೇ ಇರುತ್ತವೆ. ಬಿದ್ದ ಕಟ್ಟಿಗೆಯನ್ನು ಆರಿಸುವಂತಿಲ್ಲ. ದೂರದಿಂದ ಸೌದೆ ತಂದರೆ ಮರ ಕೊರೆಯುವ ಹುಳುಗಳೂ ಜೊತೆಗೆ ಬರಬಹುದು, ಹಾಗಾಗಿ ಅಲ್ಲೇ ಕೊಳ್ಳುವುದು ಸರಿ. ಒಣ ದಿನಗಳಲ್ಲಿ ಬೆಂಕಿಯನ್ನೇ ನಿಷೇಧಿಸುವುದುಂಟು. ರಾತ್ರಿ ಹತ್ತಕ್ಕೆ ಅಂತ್ಯಾಕ್ಷರಿ ಮುಗಿದಿರಬೇಕು. ಬೆಳಿಗ್ಗೆ ಆರರವರೆಗೆ ಗದ್ದಲ ಕೂಡದು.

ಒಂದು ಅಗುಳಿನ ಕಥೆ

ಎಲ್ಲಕ್ಕಿಂತ ಮುಖ್ಯವಾದ ನಿಯಮ ಊಟಕ್ಕೆ ಸಂಬಂಧಿಸಿದ್ದು. ಅದಕ್ಕೆ ಕಾರಣ ಒಂದು ಹಕ್ಕಿ. ಮಾರ್ಬಲ್ಡ್ ಮರೆಲೆಟ್ ಎಂಬ ಪುಟ್ಟ ಕಡಲಹಕ್ಕಿ ಸಮುದ್ರದಲ್ಲಿ ಮೀನು ಹಿಡಿದು ಬದುಕುತ್ತದೆ. ಮೊಟ್ಟೆಯಿಡಲು ಮಾತ್ರ ಕಾಡಿಗೆ ಬರುತ್ತದೆ. ಕಡ್ಡಿ ಜೋಡಿಸಿ ಗೂಡು ಕಟ್ಟುವುದಿಲ್ಲ. ಹಳೆಯ ಮರಗಳ ಎತ್ತರದ ಕೊಂಬೆಯಲ್ಲಿ, ಪಾಚಿಯ ಮೆತ್ತೆಯ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. 1974ರಲ್ಲಿ ಬಿಗ್ ಬೇಸಿನ್‌ನಲ್ಲಿ ಮರ ಹತ್ತಿದ ಕೆಲಸಗಾರರೊಬ್ಬರ ಕಣ್ಣಿಗೆ ಇದರ ಮರಿ ಬೀಳುವವರೆಗೆ ಉತ್ತರ ಅಮೆರಿಕದ ಪಕ್ಷಿತಜ್ಞರಿಗೆ ಈ ಗುಟ್ಟು ಸಿಕ್ಕಿರಲಿಲ್ಲ.

ನಾವು ಚೆಲ್ಲಿದ ಚಿತ್ರಾನ್ನದ ಅಗುಳು, ಚಿಪ್ಸ್ ಚೂರುಗಳಿಗೆ ಸ್ಟೆಲ್ಲರ್ಸ್ ಜೇ ಎಂಬ ನೀಲಿ ಹಕ್ಕಿಗಳೂ ದೊಡ್ಡ ರೇವನ್ ಕಾಗೆಗಳೂ ಮುತ್ತುತ್ತವೆ. ಸುಲಭದ ತಿಂಡಿ ಸಿಕ್ಕ ಕಡೆ ಅವುಗಳ ಸಂಖ್ಯೆ ಬೆಳೆಯುತ್ತದೆ. ಆಮೇಲೆ ಅವು ಮರೆಲೆಟ್‌ನ ಮೊಟ್ಟೆ, ಮರಿಗಳನ್ನೂ ಹುಡುಕಿ ತಿನ್ನುತ್ತವೆ. ಅಳಿವಿನಂಚಿನ ಹಕ್ಕಿಗೆ ವರ್ಷದ ಒಂದು ಮೊಟ್ಟೆ ಹೋದರೆ ಆ ವರ್ಷದ ಸಂತಾನವೇ ಹೋದಂತೆ.

ಆದ್ದರಿಂದ ಮೇಜು ಒರೆಸಿ, ಮಗು ಕೆಳಗೆ ಬೀಳಿಸಿದ್ದನ್ನೂ ಹೆಕ್ಕಿ, ಡಬ್ಬಿಗಳನ್ನು ಪೆಟ್ಟಿಗೆಯಲ್ಲಿಟ್ಟ ಮೇಲೆಯೇ ಸುತ್ತಾಡಲು ಹೊರಡಬೇಕು. ಕುಡಿಯುವ ನೀರಿನ ನಲ್ಲಿಯ ಕೆಳಗೆ ಪಾತ್ರೆ ತೊಳೆಯಬಾರದು. ಕಾಗೆಗೆ ಅನ್ನವಿಡುವುದು ನಮ್ಮಲ್ಲಿ ಪುಣ್ಯದ ಕೆಲಸ. ಈ ಕಾಡಿನಲ್ಲಿ ಅದಕ್ಕೆ ನಿಷೇಧವಿದೆ. ಜೊತೆಗೆ ಬಂದ ಅಪ್ಪ, ಅಮ್ಮನಿಗೂ ಇದನ್ನು ಮೊದಲೇ ತಿಳಿಸಿ.