ಸೋತ ಲಿಂಕನ್ನು, ಗೆದ್ದ ಆಕ್ಸಲ್ಲು

ಒಂದು ಕಾರು ಮಾರುಕಟ್ಟೇಲಿ ಸೋತುಹೋಯ್ತು, ಆದ್ರೆ ಅದರ ಹಿಂದಿನ ಆಕ್ಸಲ್ ಮಾತ್ರ ಗೆದ್ದುಬಿಡ್ತು. ಇವತ್ತಿನ ಕಥೆ ಅದೇ.

1964ರ ಏಪ್ರಿಲ್‌ನಲ್ಲಿ ಅಮೆರಿಕದ ಫೋರ್ಡ್ ಕಂಪನಿ ಮಸ್ಟಾಂಗ್ ಬಿಡುಗಡೆ ಮಾಡಿತು. ಮೇಲಿಂದ ನೋಡಿದ್ರೆ ಸ್ಪೋರ್ಟ್ಸ್ ಕಾರು. ಬಗ್ಗಿ ಅಡಿ ನೋಡಿದ್ರೆ ಬಹುಪಾಲು ಫಾಲ್ಕನ್ ಅನ್ನೋ ಸಾದಾ ಫ್ಯಾಮಿಲಿ ಕಾರಿನ ಸಾಮಾನು! ಆರು ಸಿಲಿಂಡರಿನ ಗಾಡಿಗೆ ಸಣ್ಣ ಆಕ್ಸಲ್, ಸಾಮಾನ್ಯ ವಿ-8 ಗಾಡಿಗೆ 8 ಇಂಚಿನದು. ಈ ಇಂಚು ಅನ್ನೋದು ಡಿಫರೆನ್ಷಿಯಲ್ ಒಳಗಿನ ಕ್ರೌನ್ ವೀಲ್‌ನ ಅಳತೆ. ಹಿಂದಿನ ಬ್ರೇಕು ಡ್ರಮ್ಮು.

ಹುಡುಗರು ಸುಮ್ನಿರ್ತಾರಾ? ದೊಡ್ಡ ಎಂಜಿನ್ ಕೂರಿಸಿದರು. ಎಂಜಿನ್ನಿನ ಶಕ್ತಿಯೆಲ್ಲ ಚಕ್ರಕ್ಕೆ ಹೋಗಬೇಕಾದದ್ದು ಆ ಆಕ್ಸಲ್ ಮೂಲಕವೇ, ಅದು ತಡೆಯಲಿಲ್ಲ.

ಮದ್ದು ಫೋರ್ಡ್ ಮನೆಯಲ್ಲೇ ಇತ್ತು: 1957ರಲ್ಲಿ ಬಂದ 9 ಇಂಚಿನ ಆಕ್ಸಲ್. ಇದರಲ್ಲಿ ಪಿನಿಯನ್ನಿನ ತುದಿಗೂ ಒಂದು ಬೇರಿಂಗ್ ಆಧಾರ ಇದೆ. ಹಾಗಾಗಿ ಎಷ್ಟೇ ಜೋರು ಬಿದ್ದರೂ ಹಲ್ಲುಗಳು ಸುಲಭಕ್ಕೆ ಜಾಗ ಬಿಡಲ್ಲ. ಗೇರುಗಳನ್ನೆಲ್ಲ ಒಂದೇ ಗಡ್ಡೆಯಾಗಿ ಮುಂದಿನಿಂದ ಬಿಚ್ಚಿ ತೆಗೀಬಹುದು.

ಈಗ ಲಿಂಕನ್ ಕಡೆ ಬರೋಣ. 1975ರಲ್ಲಿ ಕ್ಯಾಡಿಲಾಕ್ ಸೆವಿಲ್ ಬಂತು. ಅದಕ್ಕೆ ಉತ್ತರ ಅಂತ ಫೋರ್ಡ್ 1977ಕ್ಕೆ ಲಿಂಕನ್ ವರ್ಸೇಲ್ಸ್ ತಂದಿತು. ಬೆಲೆ ಸುಮಾರು 11,500 ಡಾಲರ್. ಆದರೆ ಅದು ಮೇಕಪ್ ಮಾಡಿದ ಗ್ರನಾಡಾ ಅಂತ ಯಾರಿಗಾದ್ರೂ ಗೊತ್ತಾಗ್ತಿತ್ತು. ಗ್ರನಾಡಾಗೆ ಅರ್ಧ ಬೆಲೆಯೂ ಇರಲಿಲ್ಲ. ನಾಲ್ಕು ವರ್ಷದಲ್ಲಿ ಸುಮಾರು 50,000 ಕಾರು ಮಾಡಿ, 1980ಕ್ಕೆ ನಿಲ್ಲಿಸಿದರು.

ಆದರೆ ಆ ಗಾಡಿಯ ಹಿಂದೆ 9 ಇಂಚಿನ ಆಕ್ಸಲ್ ಇತ್ತು, ಅದೂ ಡಿಸ್ಕ್ ಬ್ರೇಕ್ ಸಮೇತ! ಮಸ್ಟಾಂಗ್ ಥರಾನೇ ಲೀಫ್ ಸ್ಪ್ರಿಂಗ್ ಮೇಲೆ ಕೂರುವಂಥದ್ದು. ಅಗಲ ಸುಮಾರು 58.5 ಇಂಚು. 1967-70ರ ಮಸ್ಟಾಂಗಿಗೆ ಬಹುತೇಕ ಸರಿಹೊಂದುತ್ತೆ. 1965-66ರದ್ದಕ್ಕೆ ಪ್ರತಿ ಬದಿಗೂ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ, ಅಗಲದ ಟೈರ್ ಹಾಕಿದ್ರೆ ಫೆಂಡರಿಗೆ ಉಜ್ಜೋ ಭಯ. ಬಿಚ್ಚಿ ಹಾಕಿದ ಕೂಡಲೇ ಓಡೋದೂ ಇಲ್ಲ. 9 ಇಂಚಿನದರ ಮೂತಿ ಉದ್ದ, ಹಾಗಾಗಿ ಪ್ರೊಪೆಲರ್ ಶಾಫ್ಟ್ ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸಬೇಕು. ಬ್ರೇಕ್ ಪೈಪು ಹೊಸದಾಗಿ ಎಳೀಬೇಕು. ತಲೆನೋವು ಅಂದ್ರೆ ಹ್ಯಾಂಡ್‌ಬ್ರೇಕು. ಅದರ ಯಂತ್ರ ಕ್ಯಾಲಿಪರ್ ಒಳಗೇ ಇರೋದ್ರಿಂದ ಕೆಟ್ಟರೆ ಜೇಬಿಗೆ ಭಾರ.

ಆದ್ರೂ ಜನ ಗುಜರಿ ಗುಜರಿ ಸುತ್ತಿ ವರ್ಸೇಲ್ಸ್ ಹುಡುಕಿದರು. ಆಕ್ಸಲ್ ಮಸ್ಟಾಂಗಿಗೆ, ಉಳಿದ ಕಾರು ಕಬ್ಬಿಣದ ಲೆಕ್ಕಕ್ಕೆ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಹಾಕಿದ ಮೊದಮೊದಲ ಅಮೆರಿಕನ್ ಕಾರುಗಳಲ್ಲಿ ಇದೂ ಒಂದು, ಆದರೆ ಕೊನೆಗೆ ಅದನ್ನ ಯಾರೂ ನೋಡಲಿಲ್ಲ. ನಂಗಂತೂ ಪಾಪ ಅನ್ಸುತ್ತೆ.

ಈಗ ಹೊಸ 9 ಇಂಚಿನ ಆಕ್ಸಲ್ ಬೇಕಾದ ಅಗಲಕ್ಕೆ ಮಾಡಿಕೊಡ್ತಾರೆ, ಗುಜರಿ ಹುಡುಕಾಟ ಕಡಿಮೆಯಾಗಿದೆ. ಆದ್ರೆ ಎಲ್ಲಾದ್ರೂ 60ರ ದಶಕದ ಮಸ್ಟಾಂಗ್ ಕಂಡರೆ ಹಿಂದಿನ ಚಕ್ರದೊಳಗೆ ಇಣುಕಿ ನೋಡಿ. ಫ್ಯಾಕ್ಟರಿಯಿಂದ ಬಂದದ್ದು ಡ್ರಮ್ಮು. ಡಿಸ್ಕ್ ಕಂಡ್ರೆ, ಅದು ಯಾವುದೋ ಲಿಂಕನ್ನಿನದ್ದೂ ಇರಬಹುದು.